ಪಕ್ಕದ ಕೋಣೆಯ ಧೈರ್ಯ

ವಾರ್ಡನ್ ಸುಭದ್ರಮ್ಮ ತಾವೇ ಕಾಫಿ ಲೋಟ ಹಿಡಿದುಕೊಂಡು ಬಾಗಿಲಲ್ಲಿ ಬಂದು ನಿಂತದ್ದನ್ನು ನೋಡಿ ಶ್ರೀಗೌರಿಗೆ ಸಂತೋಷವಾಗಲಿಲ್ಲ. ರವೀಂದ್ರನಗರದ ಈ ಹಾಸ್ಟೆಲಿಗೆ ಅವಳು ಬಂದು ಹನ್ನೊಂದು ವರ್ಷ. ನೀರಾವರಿ ಕಚೇರಿಯಲ್ಲಿ ಗುಮಾಸ್ತೆಯ ಕೆಲಸ, ಇಲ್ಲಿ ವಾರ್ಡನ್ನಿನ ಪಕ್ಕದ ಕೋಣೆ, ಇವೆರಡರ ನಡುವೆ ಓಡಾಡುವುದರಲ್ಲೇ ಅವಳಿಗೆ ಮೂವತ್ತಾರಾಗಿಬಿಟ್ಟಿತ್ತು. ಇಷ್ಟು ವರ್ಷವೂ ಕಾಫಿಯ ಕ್ರಮ ಒಂದೇ: ಆ ಕಡೆಯಿಂದ ಗೋಡೆಯ ಮೇಲೆ ಬೆರಳ ಗೆಣ್ಣಿನಿಂದ ಕುಟ್ಟುವ ಸದ್ದು, "ಗೌರೀ, ಬಾರೇ" ಎಂಬ ಕೂಗು, ಇವಳು ಕೂದಲು ಗಂಟು ಹಾಕಿಕೊಳ್ಳುತ್ತ ಎದ್ದು ಹೋಗಿ ಅವರ ಮಂಚದ ತುದಿಯಲ್ಲಿ ಕೂತು ಕುಡಿಯುವುದು. ಹಾಸ್ಟೆಲಿನಲ್ಲಿದ್ದ ಅಷ್ಟೂ ಹೆಂಗಸರಲ್ಲಿ ಆ ಮಂಚದ ಮೇಲೆ ಕೂರುವ ಸಲಿಗೆ ಇದ್ದದ್ದು ಅವಳೊಬ್ಬಳಿಗೆ. ಉಳಿದವರಿಗೆ ಅವರು ಮೇಡಂ, ಇವಳಿಗೆ ಅಮ್ಮ. ಈಗ ಬಾಗಿಲು ತುಂಬುವಂಥ ಆ ದೇಹ ಹೊಸ್ತಿಲಿನ ಆಚೆಗೇ ನಿಂತು, ಒಳಗೆ ಬರಲೋ ಬೇಡವೋ ಎಂದು ಕೇಳುವಂತೆ ಅವಳನ್ನು ನೋಡುತ್ತಿತ್ತು.

"ಬಿಸಿ ಇದೆ, ಕುಡಿ. ಸಕ್ಕರೆ ಸರಿ ಇದೆಯಾ ನೋಡು," ಎಂದರು ಸುಭದ್ರಮ್ಮ.

"ನೀವ್ಯಾಕೆ ತರೋಕೆ ಹೋದ್ರಿ ಅಮ್ಮ? ಕರೆದಿದ್ರೆ ನಾನೇ ಬರ್ತಿದ್ದೆ."

"ಇರ್ಲಿ ಬಿಡು ಮಾರಾಯ್ತಿ. ಭದ್ರಾವತಿಗೆ ಹೋಗಿ ಬರೋಳು. ಬಿಸಿಲು ಬೇರೆ."

ಅವರ ಕಣ್ಣು ಮೂಲೆಯಲ್ಲಿದ್ದ ಸೂಟ್‌ಕೇಸು ಮತ್ತು ಹಾಸಿಗೆ ಸುರುಳಿಯ ಮೇಲೆ ಹೋಯಿತು. ಅವು ರಶ್ಮಿಯವು. ಹಿಂದಿನ ವಾರ ಕಿವಿ ಹಿಡಿದುಕೊಂಡು ಆಸ್ಪತ್ರೆಗೆ ಹೋದ ಹುಡುಗಿ ಅಲ್ಲಿಂದಲೇ ಮನೆಗೆ ಹೋಗಿದ್ದಳು. ಕೋಣೆ ಖಾಲಿ ಮಾಡಿಸಬೇಕೆಂದು ಹಾಸ್ಟೆಲಿನ ಸಮಿತಿಯವರು ಹೇಳಿದ್ದರು. ವಾಚ್‌ಮನ್ ಕೈಲಿ ಕಳಿಸಬಹುದಾಗಿದ್ದ ಸಾಮಾನನ್ನು ತಾನೇ ಕೊಟ್ಟು ಬರುತ್ತೇನೆಂದು ಶ್ರೀಗೌರಿ ಯಾಕೆ ಅಂದಳೋ ಅವಳಿಗೇ ಗೊತ್ತಿರಲಿಲ್ಲ.

"ಅವ್ರ ಮನೇಲಿ ಏನಾದ್ರೂ ಕೇಳಿದ್ರೆ ಏನ್ ಹೇಳ್ತೀಯ?"

"ಏನು ಕೇಳ್ತಾರೆ?"

"ಅಲ್ಲ, ಕೇಳಿದ್ರೆ ಅಂದೆ."

"ಸಾಮಾನು ಕೊಟ್ಟು ಬರ್ತೀನಿ, ಅಷ್ಟೇ."

ಸುಭದ್ರಮ್ಮ ತಲೆಯಾಡಿಸಿದರು. ಸ್ವಲ್ಪ ಹೊತ್ತು ಅಲ್ಲೇ ನಿಂತಿದ್ದು, "ಆಟೋ ಕರೆಸ್ಲಾ?" ಎಂದು ಕೇಳಿದರು. ಶ್ರೀಗೌರಿ ಕಾಫಿಯನ್ನು ಒಂದೇ ಗುಟುಕಿಗೆ ಕುಡಿದಳು. ನಾಲಿಗೆ ಸುಟ್ಟಿತು. 'ಆಟೋ ಬರತ್ತೆ, ಹೋಗು' ಎಂದು ಹೇಳುತ್ತಿದ್ದ ಬಾಯಿ ಅದು. ಆ ಬಾಯಿಗೆ ಪ್ರಶ್ನೆ ಕೇಳಲು ಕಲಿಸಿದವಳು ತಾನು ಎಂದು ಅವಳಿಗೆ ಅನ್ನಿಸಿತು, ಮತ್ತು ಹಾಗನ್ನಿಸಿದ್ದೇ ದಣಿವಾಯಿತು; ದಿನ ಇನ್ನೂ ಶುರುವಾಗುವ ಮೊದಲೇ ಮುಗಿದುಹೋದ ದಿನದ ದಣಿವು.

ಬಸ್ಸಿನಲ್ಲಿ ಕಿಟಕಿಯ ಸೀಟು ಸಿಕ್ಕಿತು. ಕಂಡಕ್ಟರ್ ಸೂಟ್‌ಕೇಸನ್ನು ಡ್ರೈವರಿನ ಹಿಂದಕ್ಕೆ ತಳ್ಳಿ, ಹಾಸಿಗೆ ಸುರುಳಿಯನ್ನು ಅವಳ ತೊಡೆಯ ಮೇಲೆ ಹಾಕಿ, "ಏನ್ ಮೇಡಂ, ಸಂಸಾರಾನೇ ಎತ್ಕೊಂಡು ಹೊರಟುಬಿಟ್ರಾ?" ಎಂದ. ಹಿಂದಿನ ಸೀಟಿನಲ್ಲಿ ಯಾರೋ ನಕ್ಕರು. ಅವಳೂ ನಕ್ಕಳು. ತನ್ನನ್ನು ನೋಡಿ ನಗುವವರ ಜೊತೆ ತಾನೂ ನಕ್ಕುಬಿಟ್ಟರೆ ವಿಷಯ ಬೇಗ ಮುಗಿಯುತ್ತದೆಂಬುದನ್ನು ಅವಳು ಕಚೇರಿಯಲ್ಲಿ ಕಲಿತಿದ್ದಳು. ಸುರುಳಿಯಿಂದ ಕೊಬ್ಬರಿ ಎಣ್ಣೆಯ ವಾಸನೆ, ಬೇರೆ ಯಾರದೋ ನಿದ್ದೆಯ ವಾಸನೆ ಬರುತ್ತಿತ್ತು. ಊರು ದಾಟುವವರೆಗೂ ಮುಖವನ್ನು ಕಿಟಕಿಯ ಕಡೆಗೆ ತಿರುಗಿಸಿಯೇ ಕೂತಳು. ಸುಭದ್ರಮ್ಮನಿಗೆ ಕಂಡಕ್ಟರ್ ಹೀಗೆ ಅನ್ನುತ್ತಿರಲಿಲ್ಲ. ಅವರು ಬಸ್ಸು ಹತ್ತಿದರೆ ಕೂತಿದ್ದವರು ತಾವಾಗಿ ಎದ್ದು ಜಾಗ ಬಿಡುತ್ತಿದ್ದರು. ಅವರು ಏನನ್ನೂ ಕೇಳಿರುತ್ತಿರಲಿಲ್ಲ. ಹಾಸ್ಟೆಲಿನವರೆಲ್ಲ ಸಕ್ರೆಬೈಲಿನ ಆನೆ ಬಿಡಾರಕ್ಕೆ ಹೋಗಿದ್ದಾಗ ತುಂಗಾ ನದಿಯಲ್ಲಿ ಮಿಂದು ಮೇಲೆ ಬಂದ ಸಲಗವನ್ನು ಮುಟ್ಟಲು ಎಲ್ಲರಿಗೂ ಆಸೆ, ಎಲ್ಲರಿಗೂ ಹೆದರಿಕೆ. ಸುಭದ್ರಮ್ಮ ನೇರ ಹೋಗಿ ಸೊಂಡಿಲ ಮೇಲೆ ಕೈಯಿಟ್ಟು, ತಿರುಗಿ, "ಗೌರಿ, ಬಾ ಇಲ್ಲಿ" ಎಂದು ಅವಳ ಮಣಿಕಟ್ಟು ಹಿಡಿದು ಎಳೆದು ಅದರ ಮೇಲೆ ಇಟ್ಟಿದ್ದರು. ಆನೆಯ ಚರ್ಮ ಹೇಗಿತ್ತು ಎಂದು ಆಮೇಲೆ ಹುಡುಗಿಯರು ಕೇಳಿದಾಗ ಅವಳಿಗೆ ಹೇಳಲಾಗಲಿಲ್ಲ. ಅವಳಿಗೆ ನೆನಪಿದ್ದದ್ದು ಮಣಿಕಟ್ಟಿನ ಮೇಲಿದ್ದ ಬೆರಳುಗಳು ಮಾತ್ರ.

ಆ ಬೆರಳುಗಳೇ ರಶ್ಮಿಯ ಕೆನ್ನೆಗೆ ಬಿದ್ದದ್ದು. ಅಂದು ರಶ್ಮಿ ಬಂದಾಗ ಗೇಟಿಗೆ ಬೀಗ ಬಿದ್ದಿತ್ತು. ಅಪ್ಪನಿಗೆ ಉಬ್ಬಸ ಜಾಸ್ತಿಯಾಗಿ ಭದ್ರಾವತಿಗೆ ಹೋಗಿದ್ದೆ, ಬರುವಾಗ ಬಸ್ಸು ಕೆಟ್ಟಿತು ಎಂದು ಅವಳು ಹೊರಗಿನಿಂದಲೇ ಹೇಳಿದಳು. ಎಲ್ಲರ ಊಟ ಮುಗಿಯುವವರೆಗೂ ಸುಭದ್ರಮ್ಮ ಅವಳನ್ನು ಹೊರಗೇ ನಿಲ್ಲಿಸಿದರು. ಆಮೇಲೆ ಬೀಗ ತೆಗೆದು, ಊಟದ ಮನೆಗೆ ಕರೆದುಕೊಂಡು ಬಂದರು. ಅಡಿಗೆಯವಳು ಹೊರಟುಹೋಗಿದ್ದಳು. ಕೊನೆಯಲ್ಲಿ ಉಣ್ಣುವ ಅಭ್ಯಾಸದ ಶ್ರೀಗೌರಿಯೊಬ್ಬಳು ಮೂಲೆಯ ಮೇಜಿನಲ್ಲಿ ಮಜ್ಜಿಗೆ ಅನ್ನ ಕಲಸುತ್ತ ಕೂತಿದ್ದಳು. "ನಿಮ್ಮ ಅಪ್ಪಂದಿರಿಗೆಲ್ಲ ರಜದ ದಿನಾನೇ ನೋಡ್ಕೊಂಡು ಕಾಯಿಲೆ ಬರತ್ತೇನೇ?" ಎಂದರು ಸುಭದ್ರಮ್ಮ. ಅದು ಅವರ ಮಾಮೂಲಿ ಮಾತು. ಮಾಮೂಲಿನಂತೆ ಹುಡುಗಿ ಅಳಬೇಕಿತ್ತು, ಅಳು ನೋಡಿ ಇವರು ಕರಗಿ ತಾವೇ ಬಡಿಸಬೇಕಿತ್ತು. ರಶ್ಮಿ ಅಳಲಿಲ್ಲ. ತಟ್ಟೆ ಹಿಡಿದುಕೊಂಡು, ದನಿಯನ್ನೂ ಎತ್ತದೆ, "ಹೊರಗೆ ನಿಲ್ಲಿಸಿದ್ದು ಸರಿ ಮೇಡಂ, ಅದು ರೂಲ್ಸು. ಆದ್ರೆ ಅಪ್ಪನ ಕಾಯಿಲೆ ಬಗ್ಗೆ ಹಾಗೆಲ್ಲ ಮಾತಾಡ್ಬೇಡಿ," ಎಂದಳು. ಏಟಿನ ಸದ್ದು, ತಟ್ಟೆ ಬಿದ್ದ ಸದ್ದು ಎರಡೂ ಒಟ್ಟಿಗೇ ಕೇಳಿಸಿದವು. ಹುಡುಗಿ ಮೇಜಿಗೆ ತಾಗಿ ಕೆಳಗೆ ಕೂತಳು, ಎಡಗಿವಿಯ ಮೇಲೆ ಅಂಗೈ ಒತ್ತಿಕೊಂಡಳು. ಶ್ರೀಗೌರಿಯ ಕೈ ತಟ್ಟೆಯಲ್ಲೇ ಇತ್ತು. ಆಗ ಅವಳಿಗೆ ಏನನ್ನಿಸಿತು? ಬಸ್ಸಿನ ಕಿಟಕಿಯಲ್ಲಿ ಮಾಚೇನಹಳ್ಳಿಯ ಕಾರ್ಖಾನೆಗಳ ಕಾಂಪೌಂಡು ಓಡುತ್ತಿದ್ದಾಗ ಅವಳು ಆ ಕ್ಷಣವನ್ನು ಮತ್ತೆ ಹಿಡಿದು ನೋಡಲು ಪ್ರಯತ್ನಿಸಿದಳು. ಅಯ್ಯೋ ಅನ್ನಿಸಿತ್ತು, ನಿಜ. ಆದರೆ ಅದಕ್ಕಿಂತ ಮೊದಲು, ಅದಕ್ಕಿಂತ ಕೆಳಗೆ, ಮೈಯೆಲ್ಲ ಬೆಚ್ಚಗಾಗಿತ್ತು. ಯಾರೋ ದೊಡ್ಡದೊಂದು ಬಾಗಿಲನ್ನು ದಡಾರನೆ ಮುಚ್ಚಿ ಒಳಗಿರುವವರನ್ನು ಕಾಪಾಡಿದಂತೆ. ಹೊರಗೆ ಉಳಿದವರು ಯಾರು ಎಂಬುದು ಆಮೇಲಿನ ಮಾತು.

ಅವಳ ಅಪ್ಪ ಗೋವಿಂದ ಮಾಸ್ತರಿಗೆ ಯಾವ ಬಾಗಿಲನ್ನೂ ಹಾಗೆ ಮುಚ್ಚಲು ಬರುತ್ತಿರಲಿಲ್ಲ. ಖಾಸಗಿ ಶಾಲೆಯೊಂದರಲ್ಲಿ ಸಂಸ್ಕೃತ ಹೇಳಿಕೊಡುತ್ತಿದ್ದರು. ಶಾಲೆಯ ವಾರ್ಷಿಕೋತ್ಸವದ ದಿನ ಮುಂದಿನ ಸಾಲಿನಲ್ಲಿ ಅವಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಕೂತಿದ್ದರು. ಆಡಳಿತ ಮಂಡಳಿಯ ಸೆಕ್ರೆಟರಿ ಬಂದು ಬೆರಳಲ್ಲೇ, ಎದ್ದು ಹಿಂದೆ ಹೋಗಿ ಎಂದು ತೋರಿಸಿದ. ಅಪ್ಪ ಎರಡನೇ ಸಾಲಿಗೆ ಹೋದರು. ಅಲ್ಲಿಗೂ ಅತಿಥಿಗಳು ಬಂದರು. ಅಪ್ಪ ಮತ್ತೆ ಎದ್ದರು. ಕೊನೆಗೆ ಶಾಮಿಯಾನದ ಕಂಬ ಹಿಡಿದುಕೊಂಡು ನಿಂತು, ನಿಲ್ಲುವುದೇ ತಮಗೆ ಇಷ್ಟವೆಂಬಂತೆ ಕಾರ್ಯಕ್ರಮ ಮುಗಿಯುವವರೆಗೂ ನಗುತ್ತಿದ್ದರು. ಅವರ ಕೈ ಹಿಡಿದುಕೊಂಡು ನಿಂತಿದ್ದ ಮಗಳು ಸಿಟ್ಟಾಗಬೇಕಾಗಿದ್ದದ್ದು ಸೆಕ್ರೆಟರಿಯ ಮೇಲೆ. ಆದರೆ ಅವಳು ಇಡೀ ಹೊತ್ತು ಆ ಮನುಷ್ಯನನ್ನೇ ನೋಡುತ್ತಿದ್ದಳು: ಅವನ ಅಗಲ ಭುಜ, ಅವನು ನಡೆದಲ್ಲೆಲ್ಲ ಕುರ್ಚಿಗಳು ಸರಿಯುತ್ತಿದ್ದ ಬಗೆ. ಇವನು ನನ್ನ ಅಪ್ಪನಾಗಿದ್ದರೆ ಎಂದುಕೊಂಡಳು. ಹಾಗೆಂದುಕೊಂಡ ಕೂಡಲೇ ಅಪ್ಪನ ಕೈ ಬೆವರುತ್ತಿರುವುದು ತಿಳಿದು, ತನ್ನ ಕೈಯನ್ನು ಮೆಲ್ಲಗೆ ಬಿಡಿಸಿಕೊಂಡಳು. ಅಪ್ಪ ಏನೂ ಅನ್ನಲಿಲ್ಲ. ಸಾಯುವವರೆಗೂ ಏನೂ ಅನ್ನಲಿಲ್ಲ. ಅವರಿಗೆ ಗೊತ್ತಾಗಿತ್ತೆಂದು ಅವಳಿಗೆ ಗೊತ್ತಿತ್ತು.

ಹಾಸ್ಟೆಲಿಗೆ ಬಂದ ಮೊದಲ ವರ್ಷ ಕಚೇರಿಯ ಒಬ್ಬ ಕುಡಿದು ಸ್ಕೂಟರಿನಲ್ಲಿ ಗೇಟಿಗೆ ಬಂದು ಅವಳ ಹೆಸರು ಹಿಡಿದು ಕೂಗಿದ್ದ. ಬೀದಿಯ ಕಿಟಕಿಗಳೆಲ್ಲ ತೆರೆದವು. ಅವಳು ಮಂಚದ ಕಾಲು ಹಿಡಿದುಕೊಂಡು ನೆಲದ ಮೇಲೆ ಕೂತುಬಿಟ್ಟಿದ್ದಳು. ಸುಭದ್ರಮ್ಮ ಗೇಟು ತೆಗೆದು ಹೋಗಿ, ಅವನಿಗೆ ಒಂದು ಮಾತೂ ಆಡದೆ, ಸ್ಕೂಟರಿನ ಕೀಲಿ ಕಿತ್ತು ಚರಂಡಿಗೆ ಎಸೆದರು. ಆಮೇಲೆ ಸೊಂಟದ ಮೇಲೆ ಕೈಯಿಟ್ಟು ಸುಮ್ಮನೆ ನಿಂತರು. ಅವನು ಚರಂಡಿಯಲ್ಲಿ ತಡಕಾಡಿ, ಸಿಕ್ಕದೆ, ಸ್ಕೂಟರನ್ನು ತಳ್ಳಿಕೊಂಡು ಹೋದ. ಮಾರನೆಯ ದಿನದಿಂದ ಕಚೇರಿಯಲ್ಲಿ ಅವಳ ಮೇಜಿನ ಹತ್ತಿರವೂ ಸುಳಿಯಲಿಲ್ಲ. ಅಂದು ಅವಳಿಗೆ ಬಂದಂಥ ನಿದ್ದೆ ಅಪ್ಪನ ಮನೆಯಲ್ಲಿ ಒಂದು ದಿನವೂ ಬಂದಿರಲಿಲ್ಲ. ಗೋಡೆಯಾಚೆ ಎಚ್ಚರವಾಗಿರುವ ಒಬ್ಬರಿದ್ದಾರೆ, ಅವರಿಗೆ ಹೆದರಿಕೆ ಎಂಬುದು ಗೊತ್ತಿಲ್ಲ. ಅಷ್ಟು ಸಾಕಾಗಿತ್ತು. ಆಮೇಲೆ ಅಕ್ಕ ಭಾವ ಎರಡು ಮೂರು ಗಂಡು ತೋರಿಸಿದರು. ಎಲ್ಲರೂ ಅಪ್ಪನ ಹಾಗೆ ನಗುವವರು. ಬೇಡ ಎಂದಳು.

ಅದಕ್ಕೇ ಇರಬೇಕು, ಸಮಿತಿಯ ವಿಚಾರಣೆಯ ದಿನ ಹಾಗಾದದ್ದು. ರಶ್ಮಿಯ ಎಡಗಿವಿಯ ತಮಟೆ ಹರಿದಿದೆ ಎಂದು ಆಸ್ಪತ್ರೆಯವರು ಹೇಳಿದ್ದರು. ಅವಳ ಮಾವನೊಬ್ಬ ಬಂದು ಗಲಾಟೆ ಮಾಡಿದ್ದ. ಸಮಿತಿಯ ಅಧ್ಯಕ್ಷೆ ವೇದಾವತಿ ನಿವೃತ್ತ ಅಧ್ಯಾಪಕಿ, ಎರಡು ಬೀದಿಯಾಚೆ ಮನೆ, ಎಲ್ಲವನ್ನೂ ಮೆತ್ತಗೆ ಕೇಳುವವರು. ಹಾಸ್ಟೆಲಿನ ಮುಂದಿನ ಕೋಣೆಯಲ್ಲಿ ಕೂತು, "ಶ್ರೀಗೌರಿ ಅಕ್ಕ ಇದ್ರು, ಅವರನ್ನೇ ಕೇಳಿ ಅಂತ ಆ ಹುಡುಗಿ ಹೇಳಿದಾಳಮ್ಮ," ಎಂದರು. ಸುಭದ್ರಮ್ಮ ಕಿಟಕಿಯ ಹತ್ತಿರ ನಿಂತಿದ್ದರು. ಅವರ ತಲೆ ಸ್ವಲ್ಪ ಕೆಳಗಾಗಿತ್ತು. ಏನೋ ಹೇಳಲು ತುಟಿ ಬಿಚ್ಚಿದ್ದರು. ಆ ಬಗ್ಗಿದ ಕತ್ತನ್ನು ಶ್ರೀಗೌರಿ ನೋಡಿದಳು. ಅವಳ ಬಾಯಿಂದ ಮಾತು ಹೊರಟಿತು: "ರಶ್ಮೀನೇ ಮೊದಲು ಇವರನ್ನ ತಳ್ಳಿದ್ದು. ಇವರು ತಡೆಯೋಕೆ ಕೈ ಅಡ್ಡ ಹಿಡಿದ್ರು. ನೆಲ ಒದ್ದೆ ಇತ್ತು, ಜಾರಿ ಮೇಜಿಗೆ ತಾಗಿದಳು." ಎಷ್ಟು ಸಲೀಸಾಗಿ ಬಂತು! ಕಚೇರಿಯಲ್ಲಿ ಸಾಹೇಬರ ಮುಂದೆ ಒಂದು ವಾಕ್ಯ ಹೇಳಲು ತಡವರಿಸುವವಳು ಅವಳು. ವೇದಾವತಿ ನಿಟ್ಟುಸಿರು ಬಿಟ್ಟು, "ನೀವು ಸುಳ್ಳು ಹೇಳೋರಲ್ಲ ಅಂತ ನಂಗೆ ಗೊತ್ತು," ಎಂದು ಎದ್ದರು.

ಅಂದು ಸಂಜೆ ಗೋಡೆಯ ಮೇಲೆ ಸದ್ದಾಗಲಿಲ್ಲ. ಇವಳೇ ಹೋದಳು. ಸುಭದ್ರಮ್ಮ ಮಂಚದ ಮೇಲೆ ಕಾಲು ಚಾಚಿ ಕೂತು ಮಂಡಿಗೆ ಎಣ್ಣೆ ತಿಕ್ಕಿಕೊಳ್ಳುತ್ತಿದ್ದರು. ತಲೆಯೆತ್ತದೆ, "ಹೊಡೆದೆ ಅಂತ ನಾನೇ ಹೇಳೋಳಿದ್ದೆ. ನೀನ್ಯಾಕೆ ಬಾಯಿ ಹಾಕ್ದೆ?" ಎಂದರು. ಸಿಟ್ಟಿರಲಿಲ್ಲ. ಸಿಟ್ಟಾಗಿದ್ದರೆ ಚೆನ್ನಾಗಿತ್ತು. ಶ್ರೀಗೌರಿ ಮಂಚದ ತುದಿಯಲ್ಲಿ ಕೂರಲು ಹೋದಾಗ ಅವರು ಕಾಲು ಮಡಿಸಿ ಜಾಗ ಬಿಟ್ಟರು, ಬಸ್ಸಿನಲ್ಲಿ ಅಪರಿಚಿತರಿಗೆ ಬಿಡುವ ಹಾಗೆ.

ಭದ್ರಾವತಿಯ ನ್ಯೂಟೌನಿನ ಹಳೆಯ ಕ್ವಾರ್ಟರ್ಸಿನಲ್ಲಿ ಮನೆ ಹುಡುಕುವುದು ಕಷ್ಟವಾಗಲಿಲ್ಲ. ಎಲ್ಲ ಮನೆಗಳೂ ಒಂದೇ ಥರ, ತಗ್ಗು ಬಾಗಿಲು, ಮುಂದೆ ಒಂದೊಂದು ನುಗ್ಗೆ ಮರ. ಪಕ್ಕದ ಮನೆಯ ಹೆಂಗಸು ತಮಿಳಿನಲ್ಲಿ ಕೂಗಿ ಹೇಳಿದ ಮೇಲೆ ರಶ್ಮಿಯ ತಾಯಿ ಈಶ್ವರಮ್ಮ ಹಿಟ್ಟಿನ ಕೈಯಲ್ಲೇ ಹೊರಗೆ ಬಂದರು. ಹೆಸರು ಹೇಳುತ್ತಲೇ ಮುಖ ಅರಳಿತು.

"ನೀವೇನಾ ಶ್ರೀಗೌರಿ ಮೇಡಂ? ಬನ್ನಿ ಬನ್ನಿ. ಅಯ್ಯೋ, ನೀವೇ ಹೊತ್ಕೊಂಡು ಬಂದ್ರಾ ಇಷ್ಟು ದೂರ?"

ಮುಂದಿನ ಕೋಣೆಯಲ್ಲಿ ರಶ್ಮಿಯ ಅಪ್ಪ ದಿಂಬಿಗೆ ಒರಗಿ ಕೂತಿದ್ದರು. ಉಸಿರು ಎಳೆದಾಗಲೆಲ್ಲ ಎದೆಯಲ್ಲಿ ಸಿಳ್ಳೆಯಂಥ ಸದ್ದು. ಕೈ ಮುಗಿದರು. ಹಿತ್ತಿಲ ಬಾಗಿಲಲ್ಲಿ ರಶ್ಮಿ ಒಗೆದ ಬಟ್ಟೆಯ ಬಕೆಟ್ ಹಿಡಿದು ನಿಂತಳು. ಎಡಗಿವಿಯಲ್ಲಿ ಹತ್ತಿ. ನೋಡಿದಳು, ಬಕೆಟ್ ಇಟ್ಟಳು, ಬಾಗಿಲ ಚೌಕಟ್ಟಿಗೆ ಒರಗಿ ಅಲ್ಲೇ ಉಳಿದಳು. ಈಶ್ವರಮ್ಮ ಟೀ ತಂದಿಟ್ಟು ಎದುರಿಗೆ ಚಾಪೆಯ ಮೇಲೆ ಕೂತರು.

"ನಾನು ಇವಳಿಗೆ ಎಷ್ಟು ಹೇಳಿದ್ದೆ ಕಣ್ರೀ ಮೇಡಂ, ಬಾಯಿ ಸ್ವಲ್ಪ ಕಡಿಮೆ ಮಾಡೇ ಅಂತ. ಅಷ್ಟು ದೊಡ್ಡ ಹೆಂಗಸಿನ ಮೈಮೇಲೆ ಕೈ ಹಾಕೋದಾ? ಏನೂ ಮಾಡಿಲ್ಲ, ಸುಮ್ಮನೆ ಹೊಡೆದ್ರು ಅಂತ ಇವಳು ಅತ್ತಾಗ ನಾನೂ ನಂಬಿದ್ದೆ. ಆಮೇಲೆ ನೀವು ನೋಡಿದ್ದು ಹೇಳಿದ್ರಂತಲ್ಲ, ಅವಾಗ ಗೊತ್ತಾಯ್ತು. ನೀವು ಹೇಳಿದ್ದು ಒಳ್ಳೇದೇ ಆಯ್ತು."

"ಅಮ್ಮ, ಸಾಕು," ಎಂದಳು ರಶ್ಮಿ.

"ನೀನು ಸುಮ್ನಿರು. ನೋಡಿ ಮೇಡಂ, ಇವಳನ್ನ ಸೇರಿಸೋಕೆ ಬಂದಾಗ ಆ ಯಮ್ಮನ್ನ ನೋಡಿದ್ದೆ. ಗೇಟಲ್ಲಿ ನಿಂತಿದ್ದ ಗತ್ತು ನೋಡಿ ನಂಗೆ ಧೈರ್ಯ ಬಂತು. ಮನೆಗೆ ಬಂದು ಇವರಿಗೆ ಹೇಳ್ದೆ, ಇನ್ನು ಮಗಳ ಚಿಂತೆ ಇಲ್ಲ, ಅಲ್ಲೊಂದು ಹೆಣ್ಣು ಹುಲಿ ಕೂತಿದೆ ಅಂತ. ಅಂದು ಚೆನ್ನಾಗಿ ನಿದ್ದೆ ಬಂತು ನಂಗೆ. ಅಂಥೋರ ಹತ್ರ ಇವಳು ಹೋಗಿ ಹಿಂಗೆ ಮಾಡ್ಕೊಂಡ್ಲಲ್ಲ."

ಟೀ ಲೋಟದ ಅಂಚಿನಲ್ಲಿ ಕೆನೆ ಕಟ್ಟುತ್ತಿತ್ತು. ತನ್ನದೇ ನಿದ್ದೆಯನ್ನು ಯಾರೋ ತೆಗೆದು ಎದುರಿಗೆ ಚಾಪೆಯ ಮೇಲೆ ಹರಡಿದ ಹಾಗೆ ಶ್ರೀಗೌರಿಗೆ ಅನ್ನಿಸಿತು. ಈ ತಾಯಿ ಆ ಭುಜಗಳನ್ನು ನೋಡಿ ಮಗಳನ್ನು ಒಪ್ಪಿಸಿದ್ದಳು. ಅದೇ ಭುಜದ ಕೈ ಮಗಳ ಕಿವಿ ಹರಿದ ಮೇಲೂ ಆ ಗತ್ತನ್ನು ಬಿಟ್ಟುಕೊಡಲು ಅವಳಿಂದಾಗುತ್ತಿಲ್ಲ. ಅದರ ಬದಲು ಮಗಳನ್ನೇ ಬಿಟ್ಟುಕೊಟ್ಟಿದ್ದಾಳೆ. ಮತ್ತು ಅದಕ್ಕೆ ಬೇಕಾದ ಸಾಕ್ಷಿಯನ್ನು ತಾನು ಒದಗಿಸಿದ್ದೇನೆ. ಹೇಳಬೇಕು ಎಂದುಕೊಂಡಳು. ಟೀ ಮುಗಿಯಲಿ ಎಂದುಕೊಂಡಳು. ಟೀ ಮುಗಿಯಿತು. ಈಶ್ವರಮ್ಮ ರೊಟ್ಟಿ ತಿಂದು ಹೋಗಿ ಎಂದರು. ಬಸ್ಸಿದೆ ಎಂದು ಎದ್ದುಬಿಟ್ಟಳು. ಎದ್ದಾಗ ಬಂದ ಸಮಾಧಾನಕ್ಕೆ ಅವಳಿಗೇ ಹೇಸಿಗೆಯಾಯಿತು.

"ಬಸ್‌ಸ್ಟಾಪಿನ ತನಕ ಬರ್ತೀನಿ," ಎಂದು ರಶ್ಮಿ ಚಪ್ಪಲಿ ಮೆಟ್ಟಿದಳು.

ಕಾರ್ಖಾನೆಯ ಉದ್ದ ಗೋಡೆಯ ಪಕ್ಕ ನಡೆದರು. ಅರ್ಧ ಚಿಮಣಿಗಳಲ್ಲಿ ಹೊಗೆ ಇರಲಿಲ್ಲ. ರಶ್ಮಿ ಎರಡು ಹೆಜ್ಜೆ ನಡೆದು, ನಿಂತು, ಶ್ರೀಗೌರಿಯ ಎಡಕ್ಕೆ ಬಂದು ಸೇರಿದಳು. ಕೇಳಿಸುವ ಕಿವಿ ಈ ಕಡೆಗೆ ಇರಲೆಂದು. ಅದನ್ನು ಶ್ರೀಗೌರಿ ತಡವಾಗಿ ಅರ್ಥಮಾಡಿಕೊಂಡಳು. ಬಿಸಿಲಿಗೆ ಟಾರು ಮೆತ್ತಗಾಗಿ ಚಪ್ಪಲಿಗೆ ಅಂಟುತ್ತಿತ್ತು.

"ಅಕ್ಕ, ಹಾಗೆ ಹೇಳು ಅಂತ ಅವರು ನಿಮಗೆ ಹೇಳಿಕೊಟ್ರಾ?"

"ಇಲ್ಲ."

"ಹೆದರಿಸಿದ್ರಾ? ಕೋಣೆ ಬಿಡಿಸ್ತೀನಿ ಅಂತ ಏನಾದ್ರೂ?" ರಶ್ಮಿ ನಿಂತು ಅವಳ ಮುಖವನ್ನೇ ನೋಡಿದಳು. "ಹೆದರಿಸಿದ್ರೆ ಹೇಳಿ ಅಕ್ಕ. ನಂಗೆ ಬೇಜಾರಿಲ್ಲ. ನಂಗೂ ಹೆದರಿಕೆ ಆಗ್ತಿತ್ತು ಅವರನ್ನ ಕಂಡ್ರೆ."

ಹುಡುಗಿ ಅವಳಿಗೆ ಒಂದು ದಾರಿ ತೆರೆದುಕೊಟ್ಟಿದ್ದಳು. ಹೌದು ಎಂದರೆ ಮುಗಿಯಿತು. ಹೆದರಿದವರನ್ನು ಯಾರಾದರೂ ಕ್ಷಮಿಸುತ್ತಾರೆ. ಹೆದರಿದವರು ಹೊಡೆಸಿಕೊಂಡವರ ಪಾಳಯದವರೇ. ಬಸ್ಸು ಬರುವವರೆಗೆ ಇಬ್ಬರೂ ಸುಭದ್ರಮ್ಮನನ್ನು ಬೈಯಬಹುದಿತ್ತು, ಬಹುಶಃ ಕೈ ಹಿಡಿದುಕೊಂಡು ಅಳಬಹುದಿತ್ತು. ನಾಲಿಗೆಯ ತುದಿಗೆ ಬಂದ ಹೌದನ್ನು ಶ್ರೀಗೌರಿ ಬಹಳ ಹೊತ್ತು ಅಲ್ಲೇ ಇಟ್ಟುಕೊಂಡಿದ್ದಳು.

"ಯಾರೂ ಹೆದರಿಸ್ಲಿಲ್ಲ ರಶ್ಮಿ. ಅವರು ನನ್ನ ಏನೂ ಕೇಳ್ಲಿಲ್ಲ. ಅವರು ತಲೆ ತಗ್ಗಿಸಿ ನಿಂತಿದ್ರು. ಅದನ್ನ ನೋಡೋಕಾಗ್ಲಿಲ್ಲ ನನ್ನ ಕೈಲಿ."

ಸೈಕಲ್ಲಿನಲ್ಲಿ ಹೋಗುತ್ತಿದ್ದ ಯಾರೋ ಬೆಲ್ ಮಾಡಿದ. ಅದು ರಶ್ಮಿಯ ಎಡಗಡೆಯಿಂದ ಬಂತು, ಅವಳಿಗೆ ಕೇಳಿಸಲಿಲ್ಲ. ಶ್ರೀಗೌರಿ ಅವಳ ತೋಳು ಹಿಡಿದು ಈಚೆಗೆ ಎಳೆದಳು.

"ನಾನು ಮೇಜಿನ ಕೆಳಗೆ ಬಿದ್ದಿದ್ದೆನಲ್ಲ ಅಕ್ಕ," ಎಂದಳು ರಶ್ಮಿ, ತೋಳು ಬಿಡಿಸಿಕೊಳ್ಳುತ್ತ. "ಅದನ್ನ ನೋಡೋಕಾಯ್ತಾ?"

ಇದಕ್ಕೆ ಉತ್ತರವಿತ್ತು. ಆಯ್ತು ಎಂಬುದೇ ಉತ್ತರ. ಮಜ್ಜಿಗೆ ಅನ್ನದಲ್ಲಿ ಕೈಯಿಟ್ಟುಕೊಂಡು ನೋಡೋಕಾಯ್ತು. ಬಿದ್ದವರನ್ನು ನೋಡುವುದು ಅವಳಿಗೆ ಅಭ್ಯಾಸವಿತ್ತು; ತಾನು ಹುಟ್ಟಿದ್ದೇ ಅಂಥವರ ಮನೆಯಲ್ಲಿ. ಅವಳು ತಲೆಯಾಡಿಸಿದಳು, ಹೌದು ಎಂದು.

"ಹಾಗಾದ್ರೆ ಬನ್ನಿ," ಎಂದಳು ರಶ್ಮಿ. "ಬಂದು ಅಮ್ಮನ ಹತ್ರ ಹೇಳಿ. ಹಾಸ್ಟೆಲು ಹಾಳಾಗಿ ಹೋಗ್ಲಿ, ನಂಗೆ ಬೇಡ. ಎದ್ದಾಗಿಂದ ಮಲಗೋ ತನಕ ಅವಳು ನನ್ನ ಸುಳ್ಳಿ ಅಂತಾಳೆ ಅಕ್ಕ. ಅಪ್ಪನ ಎದುರಿಗೆ."

ಅವರು ತಿರುಗಿ ನಡೆದರು. ಈ ಸಲ ರಶ್ಮಿ ಮುಂದೆ, ಶ್ರೀಗೌರಿ ಹಿಂದೆ. ಈಶ್ವರಮ್ಮ ಒಲೆಯ ಮುಂದಿನಿಂದ ಎದ್ದು ಬಂದು, "ಬಸ್ಸು ತಪ್ಪಿಹೋಯ್ತಾ?" ಎಂದರು. ಶ್ರೀಗೌರಿ ನಿಂತುಕೊಂಡೇ ಹೇಳಿದಳು. ರಶ್ಮಿ ತಳ್ಳಲಿಲ್ಲ, ದನಿಯೆತ್ತಿಯೂ ಮಾತಾಡಲಿಲ್ಲ, ನೆಲ ಒದ್ದೆ ಇರಲಿಲ್ಲ, ಮೇಡಂ ಹೊಡೆದರು, ಜೋರಾಗಿ ಹೊಡೆದರು. ಈಶ್ವರಮ್ಮನ ಮುಖದಲ್ಲಿನ ನಗು ಪೂರ್ತಿ ಹೋಗಲು ಸ್ವಲ್ಪ ಹೊತ್ತು ಹಿಡಿಯಿತು.

"ಹಂಗಾದ್ರೆ ನೀವು ನೋಡಿದ್ದು ಸುಳ್ಳಾ?"

"ನೋಡಿದ್ದು ಸುಳ್ಳಲ್ಲ. ಹೇಳಿದ್ದು ಸುಳ್ಳು."

"ಸುಮ್ಸುಮ್ನೆ ಹೊಡೆದ್ರಾ ಆ ಯಮ್ಮ?" ಅವರು ಕೇಳಿದ ರೀತಿಯಲ್ಲಿ ಸಿಟ್ಟಿಗಿಂತ ಹೆಚ್ಚಾಗಿ ಏನೋ ಕಳೆದುಕೊಂಡ ಗಾಬರಿ ಇತ್ತು. "ಅಂಥೋರು ಯಾಕೆ ಸುಮ್ಸುಮ್ನೆ ಹೊಡೀತಾರೆ?"

ರಶ್ಮಿಯ ಅಪ್ಪ ಉಸಿರು ಒಟ್ಟುಮಾಡಿಕೊಂಡು, "ರಶ್ಮೀ, ಇಲ್ಲಿ ಬಾ," ಎಂದರು. ಹುಡುಗಿ ಹೋಗಿ ಅವರ ಮಂಚದ ಪಕ್ಕ ನೆಲದ ಮೇಲೆ ಕೂತಳು. ಅವರು ಹತ್ತಿಯಿಟ್ಟ ಕಿವಿಯ ಮೇಲಿನ ಕೂದಲನ್ನು ಬೆರಳಿನಿಂದ ಹಿಂದಕ್ಕೆ ಸರಿಸಿದರು. ಈಶ್ವರಮ್ಮ ಅತ್ತ ನೋಡಿದರು, ಇತ್ತ ನೋಡಿದರು, ಒಗೆದ ಬಟ್ಟೆಯ ಬಕೆಟ್ಟನ್ನು ಸುಮ್ಮನೆ ಎತ್ತಿ ಮತ್ತೆ ಅಲ್ಲೇ ಇಟ್ಟರು. ಆಮೇಲೆ ಬಹಳ ಮರ್ಯಾದೆಯಿಂದ, "ನಿಮಗೆ ಹೊತ್ತಾಗತ್ತೆ. ಹೊರಡಿ ಮೇಡಂ," ಎಂದರು. ಬಯ್ದಿದ್ದರೆ ಹಗುರಾಗುತ್ತಿತ್ತು. ಯಾರೂ ಬಾಗಿಲ ತನಕ ಬರಲಿಲ್ಲ.

ಬಸ್ಸಿನಲ್ಲಿ ಅವಳಿಗೆ ನಿಲ್ಲಲೂ ಸರಿಯಾಗಿ ಜಾಗವಿರಲಿಲ್ಲ. ಕಂಬಿ ಹಿಡಿದುಕೊಂಡು ಹೊಳೆ ದಾಟಿದಳು. ಯೋಚನೆ ಮಾಡಲು ಏನೂ ಉಳಿದಿರಲಿಲ್ಲ. ಕಾಲು ನೋಯುತ್ತಿತ್ತು, ಹಸಿವಾಗಿತ್ತು, ಸುಟ್ಟ ನಾಲಿಗೆ ಇನ್ನೂ ಉರಿಯುತ್ತಿತ್ತು. ಸತ್ಯ ಹೇಳಿದರೆ ಎದೆ ಹಗುರವಾಗುತ್ತದೆ ಎಂದು ಅಪ್ಪ ಪಾಠದಲ್ಲಿ ಹೇಳುತ್ತಿದ್ದರು. ಹಾಗೇನೂ ಆಗಿರಲಿಲ್ಲ. ಇನ್ನೂ ಒಂದು ಮನೆಗೆ ಹೋಗಬೇಕು ಎಂಬುದಷ್ಟೇ, ಮುಗಿಯದ ಕೆಲಸದ ಹಾಗೆ, ತಲೆಯೊಳಗೆ ಕೂತಿತ್ತು.

ಹಾಸ್ಟೆಲಿನ ಗೇಟು ತೆಗೆಯುವಾಗ ದೀಪ ಹಚ್ಚುವ ಹೊತ್ತು. ಸುಭದ್ರಮ್ಮ ಹೊರಗಿನ ಮೆಟ್ಟಿಲ ಮೇಲೆ ಕೂತಿದ್ದರು. ಹಾಗೆ ಕೂತದ್ದನ್ನು ಅವಳು ಎಂದೂ ನೋಡಿರಲಿಲ್ಲ. ಇವಳನ್ನು ಕಂಡು, ಕಂಬ ಹಿಡಿದುಕೊಂಡು ಎದ್ದು ನಿಂತರು.

"ಕೊಟ್ಯಾ?"

"ಕೊಟ್ಟೆ. ಅವರಮ್ಮನಿಗೆ ನಿಜ ಹೇಳಿ ಬಂದೆ."

"ಯಾವ ನಿಜ?"

"ನೀವು ಹೊಡೆದಿದ್ದು. ನಾನು ಸುಳ್ಳು ಹೇಳಿದ್ದು." ಅವಳು ಚಪ್ಪಲಿ ಬಿಚ್ಚಲಿಲ್ಲ. "ವೇದಾವತಿಯವರ ಮನೆಗೂ ಹೋಗ್ತೀನಿ. ಈಗಲೇ. ಒಳಗೆ ಬಂದು ಕೂತ್ರೆ ಹೋಗೋಕಾಗಲ್ಲ ನನ್ನ ಕೈಲಿ."

ಸುಭದ್ರಮ್ಮ ಎರಡು ಮೆಟ್ಟಿಲು ಇಳಿದು ಬಂದರು. ಬಲಗೈ ಮೇಲೆದ್ದಿತು. ಶ್ರೀಗೌರಿ ಹಿಂದೆ ಸರಿಯಲಿಲ್ಲ, ಕಣ್ಣು ಮುಚ್ಚಿಕೊಂಡಳು. ಮುಚ್ಚಿದ ಕಣ್ಣೊಳಗೆ ಅವಳಿಗೆ ಸ್ಪಷ್ಟವಾಗಿ ತಿಳಿಯಿತು: ಆ ಕೈ ಬೀಳಲಿ ಎಂದು ತಾನು ಕಾಯುತ್ತಿದ್ದೇನೆ. ಬಿದ್ದರೆ ಎಲ್ಲ ಮೊದಲಿನಂತಾಗುತ್ತದೆ. ಈ ಹೆಂಗಸು ಮತ್ತೆ ಬಾಗಿಲು ತುಂಬುವಷ್ಟು ಬೆಳೆಯುತ್ತಾಳೆ, ತಾನು ಮತ್ತೆ ಗೋಡೆಯ ಈಚೆ ಮಲಗಿ ನಿದ್ದೆ ಮಾಡಬಹುದು. ಈ ದಿನ ಆದದ್ದೆಲ್ಲ ಆದ ಮೇಲೂ, ಆ ಹುಡುಗಿಯ ಕಿವಿಯನ್ನು ಕಂಡು ಬಂದ ಮೇಲೂ, ಮೈ ಅದನ್ನೇ ಬೇಡುತ್ತಿತ್ತು.

ಕೈ ಬೀಳಲಿಲ್ಲ. ಕಣ್ಣು ತೆರೆದಾಗ ಸುಭದ್ರಮ್ಮ ಅದೇ ಕೈಯಲ್ಲಿ ಸೆರಗು ಹಿಡಿದು ಮುಖದ ಬೆವರು ಒರೆಸಿಕೊಳ್ಳುತ್ತಿದ್ದರು.

"ಸುಳ್ಳು ಹೇಳು ಅಂತ ನಾನು ನಿನ್ನ ಕೇಳಿದ್ನಾ ಗೌರಿ?"

"ಇಲ್ಲ."

"ಮತ್ತೆ ಯಾಕೆ ನನ್ನ ಹಿಂಗೆ ಮಾಡ್ದೆ? ನೀನು ಯಾರ ಹತ್ರ ಏನು ಹೇಳ್ತೀಯೋ ಅಂತ, ಈ ವಾರ ಪೂರ್ತಿ ಗೋಡೆಗೆ ಕಿವಿ ಇಟ್ಕೊಂಡು ಮಲಗಿದೀನಿ ಮಾರಾಯ್ತಿ. ನಾನು! ಬೆಳಗ್ಗೆ ಕಾಫಿ ಹಿಡ್ಕೊಂಡು ನಿನ್ನ ಬಾಗ್ಲಿಗೆ ಬಂದೆ." ಅವರು ಗೇಟಿನ ಕಡೆ ನೋಡಿದರು. ಒಳಗೆ ಊಟದ ಮನೆಯಲ್ಲಿ ಯಾರೋ ತಟ್ಟೆ ಜೋಡಿಸುತ್ತಿದ್ದರು. "ನಡಿ. ನಾನೂ ಬರ್ತೀನಿ."

ಇಬ್ಬರೂ ನಡೆದರು. ಎರಡು ಬೀದಿ, ಅಷ್ಟೇ. ಆದರೆ ಸುಭದ್ರಮ್ಮನಿಗೆ ಮಂಡಿ ಹಿಡಿಯುತ್ತಿತ್ತು. ತಿರುವಿನಲ್ಲಿ ಒಂದು ಸಲ ನಿಂತು ಏದುಸಿರು ಬಿಟ್ಟರು. ಆಧಾರಕ್ಕೆ ಕೈ ಚಾಚಬೇಕೇ ಎಂದು ಶ್ರೀಗೌರಿಗೆ ತಿಳಿಯಲಿಲ್ಲ. ಚಾಚಲಿಲ್ಲ. ಬಿಟ್ಟು ಮುಂದೆಯೂ ಹೋಗಲಿಲ್ಲ. ಕರೆಂಟು ಕಂಬದ ಪಕ್ಕ ನಿಂತು ಅವರ ಉಸಿರು ಸರಿಹೋಗುವವರೆಗೆ ಕಾದಳು. ಬೀದಿಯ ಮಕ್ಕಳು ಆಟ ನಿಲ್ಲಿಸಿ ವಾರ್ಡನ್ ಮೇಡಂ ಎಂದು ಗೋಡೆಗೆ ಸರಿದು ದಾರಿ ಬಿಟ್ಟರು. ಅವರಿಗಿನ್ನೂ ಏನೂ ಗೊತ್ತಿರಲಿಲ್ಲ.

ವೇದಾವತಿಯವರ ಮನೆಯ ಮುಂದೆ ದೀಪ ಉರಿಯುತ್ತಿತ್ತು. ಬಾಗಿಲಿಗೆ ಬಂದು ನಿಂತರು. "ಯಾರು ಹೇಳೋದು ಮೊದ್ಲು? ನೀನಾ, ನಾನಾ?" ಎಂದು ಸುಭದ್ರಮ್ಮ ಮೆಲ್ಲಗೆ ಕೇಳಿದರು.

"ನೀವೇ ಹೇಳಿ."

ಅವರು ಬೆಲ್ಲಿನ ಕಡೆಗೆ ಕೈ ಎತ್ತಿದರು, ಅರ್ಧದಲ್ಲಿ ನಿಲ್ಲಿಸಿದರು, ಸೆರಗು ಸರಿಮಾಡಿಕೊಂಡರು. ಮತ್ತೆ ಎತ್ತಲಿಲ್ಲ. ಇವಳ ಮುಖ ನೋಡಿದರು. ಆ ನೋಟವನ್ನು ಶ್ರೀಗೌರಿ ಗುರುತಿಸಿದಳು. ಅಷ್ಟು ವರ್ಷ ತಾನು ಅವರನ್ನು ನೋಡಿದ್ದು ಹಾಗೆಯೇ. ಧೈರ್ಯ ಮಾಡಲು ಅಲ್ಲಿ ಇನ್ನು ಯಾರೂ ಇರಲಿಲ್ಲ. ಅವಳಿಗೆ ವಿಪರೀತ ದಣಿವಾಗಿತ್ತು, ಅಲ್ಲೇ ಮೆಟ್ಟಿಲ ಮೇಲೆ ಕೂತುಬಿಡಬೇಕೆನ್ನಿಸುವಷ್ಟು. ಅವಳು ಕೈ ಚಾಚಿ ಬೆಲ್ ಒತ್ತಿದಳು. ಒಳಗೆ ಯಾರೋ ಕುರ್ಚಿ ಸರಿಸಿ, ಚಪ್ಪಲಿ ಎಳೆಯುತ್ತ, ಬಾಗಿಲ ಕಡೆಗೆ ಬರುವ ಸದ್ದು ಕೇಳಿಸಿತು.